ತಮ್ಮನ ಪರವಾಗಿ ನಾನಾಡಿದ ಮಾತು

ನನ್ನ ತಮ್ಮನ ಮಾತನ್ನು ಇಪ್ಪತ್ತಾರು ವರ್ಷ ನಾನು ಆಡಿದೆ. ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಆಸ್ಪತ್ರೆಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ಅವನು ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ. ಬೇರೆಯವರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಅವನಿಗೆ ಮುಟ್ಟಿಸುತ್ತಿದ್ದೆ. ಅವನು ಶಾರ್ಜಾದಲ್ಲಿ ತೀರಿಕೊಂಡು ಈಗ ಹತ್ತು ತಿಂಗಳು. ಆ ಮಾತುಗಳಲ್ಲಿ ಎಷ್ಟು ಅವನವು, ಎಷ್ಟು ನನ್ನವು ಎಂದು ಬಿಡಿಸಿ ನೋಡಲು ಕೂತಿದ್ದೇನೆ. ಅವನು ಕೈಯಲ್ಲಿ ಹೇಳಿದ್ದನ್ನು ಇಲ್ಲಿ ಬಾಯಿಮಾತಿನ ಹಾಗೆಯೇ ಬರೆಯುತ್ತೇನೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ನಮ್ಮದು ಮೇಲೂರು. ಹಿಪ್ಪುನೇರಳೆ ತೋಟ, ಅದರ ಬದಿಗೆ ಹುಳು ಸಾಕುವ ಮನೆ, ಅದಕ್ಕೆ ಅಂಟಿಕೊಂಡಂತೆ ನಮ್ಮ ಮನೆ. ತಮ್ಮನಿಗೆ ಎರಡು ವರ್ಷವಾಗಿದ್ದಾಗ ಹುಳು ಮನೆಯ ತಗಡಿನ ಮೇಲೆ ತೆಂಗಿನ ಗರಿ ಬಿದ್ದು ಎಲ್ಲರೂ ಬೆಚ್ಚಿದರೆ, ಇವನೊಬ್ಬ ಸೊಪ್ಪಿನ ಕಡ್ಡಿ ಕಚ್ಚುತ್ತ ಹಾಗೇ ಕೂತಿದ್ದನಂತೆ. ಆಗ ಗೊತ್ತಾಯಿತು ಎಂದು ಅಮ್ಮ ಹೇಳುತ್ತಾಳೆ. ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ಅವನಿಗೂ ನನಗೂ ಸನ್ನೆಗಳು ಹೇಗೆ ಹುಟ್ಟಿಕೊಂಡವೋ ನೆನಪಿಲ್ಲ. ಮೀಸೆ ತಿರುವಿದರೆ ಅಪ್ಪ. ಮೂಗಿನ ಬದಿ ಮುಟ್ಟಿಕೊಂಡರೆ ಮೂಗುಬೊಟ್ಟಿನ ಅಮ್ಮ. ಭುಜದ ಮೇಲೆ ಏನನ್ನೋ ಹಿಡಿದು ಎಳೆದರೆ ಎರಡು ಜಡೆಯ ನಾನು. ಹೆಬ್ಬೆರಳು ತೋರುಬೆರಳಲ್ಲಿ ನೂಲು ಹೊಸೆದರೆ ಶಿಡ್ಲಘಟ್ಟ, ಮೊಣಕೈ ಮಡಚಿ ಎತ್ತಿದರೆ ಬೆಟ್ಟದ ಕೆಳಗಿನ ಚಿಕ್ಕಬಳ್ಳಾಪುರ. ಅಮ್ಮ ಇವುಗಳಲ್ಲಿ ಅರ್ಧ ಕಲಿತಳು. ಅಪ್ಪ ಮೂರು ಕಲಿತ: ಉಣ್ಣು, ಬಾ, ಸೊಪ್ಪು ಹಾಕು. ಹೆಚ್ಚಿಗೆ ಯಾಕೆ, ಅವಳಿದ್ದಾಳಲ್ಲ ಎನ್ನುತ್ತಿದ್ದ. ಅವಳು ಎಂದರೆ ನಾನು.

ಮೊದಲ ಸಲ ಮಾತು ಬದಲಾಯಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ನನಗೆ ಹನ್ನೆರಡು, ಅವನಿಗೆ ಏಳು. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುವ ದಿನಗಳು. ಮಳೆ ನಿಂತ ಮೇಲೆ ತಮ್ಮ ಒದ್ದೆ ಸೊಪ್ಪನ್ನೇ ತಂದು ಒಂದು ತಟ್ಟೆಗೆ ಹಾಕಿಬಿಟ್ಟ. ಒದ್ದೆ ಸೊಪ್ಪು ತಿಂದರೆ ಹುಳು ಉಬ್ಬಿ ಸಾಯುತ್ತದೆ. ಅಪ್ಪ ಬಂದು ನೋಡಿ, ತಲೆ ಮೇಲೆ ಕೈ ಹೊತ್ತುಕೊಂಡು, "ಈ ಮೂಗನ್ನ ಯಾತಕ್ಕಾದ್ರೂ ಹುಟ್ಟಿಸ್ದೆನೋ" ಎಂದ. ತಮ್ಮ ಅಪ್ಪನ ಮುಖ ನೋಡಿ ಅಳಲು ಶುರುಮಾಡಿ, ಏನಂದ ಎಂದು ನನ್ನ ಕಡೆ ತಿರುಗಿದ. ನಾನು ಕೈಯೆತ್ತಿ, ಒದ್ದೆ ಸೊಪ್ಪು ಹುಳಕ್ಕೆ ಆಗುವುದಿಲ್ಲ, ಒರೆಸಿ ಹಾಕಬೇಕು ಅಂತಾನೆ ಅಪ್ಪ, ಎಂದೆ. ಅವನು ಅಳು ನಿಲ್ಲಿಸಿದ. ಮಧ್ಯಾಹ್ನವೆಲ್ಲ ತನ್ನ ಅಂಗಿ ಬಿಚ್ಚಿ ಒಂದೊಂದೇ ಎಲೆ ಒರೆಸಿದ. ಸಂಜೆ ಅಪ್ಪ ಅದನ್ನು ನೋಡಿ, ಅವನ ತಲೆ ಸವರಿ ಹೋದ.

ಎರಡು ಕಡೆಗೂ ಒಳ್ಳೆಯದಾಯಿತು ಎಂದು ನನಗೆ ಅನಿಸಿತು. ಆಮೇಲೆ ಅದು ನನ್ನ ಕೆಲಸದ ರೀತಿಯೇ ಆಯಿತು. ಅಪ್ಪನ ಸಿಟ್ಟು ಅವನಿಗೆ ಹೋಗುವಷ್ಟರಲ್ಲಿ ಬುದ್ಧಿಮಾತಾಗುತ್ತಿತ್ತು. ಅವನ ಹಟ ಅಪ್ಪನಿಗೆ ಮುಟ್ಟುವಷ್ಟರಲ್ಲಿ ಕೋರಿಕೆಯಾಗುತ್ತಿತ್ತು.

ಎಂಟು ವರ್ಷಕ್ಕೆ ಅವನನ್ನು ಬೆಂಗಳೂರಿನ ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದರು. ಅಲ್ಲಿಂದ ಅವನು ಒಂದು ಪೂರ್ತಿ ಭಾಷೆಯನ್ನೇ ಹೊತ್ತುಕೊಂಡು ಬಂದ. ರಜೆಗೆ ಬಂದಾಗಲೆಲ್ಲ ನನ್ನನ್ನು ಕೂರಿಸಿಕೊಂಡು ಕಲಿಸುತ್ತಿದ್ದ. ನಿನ್ನೆ, ನಾಳೆ, ಒಂದು ವೇಳೆ, ಯಾಕೆಂದರೆ. ನಮ್ಮ ಮನೆಯ ಸನ್ನೆಗಳಲ್ಲಿ ಇವು ಇರಲೇ ಇಲ್ಲ. ನಾನು ತಪ್ಪಿದರೆ ನನ್ನ ಬೆರಳು ಹಿಡಿದು ಸರಿಮಾಡುತ್ತಿದ್ದ. ಪಿಯುಸಿಗೆ ನನ್ನ ಓದು ನಿಂತಿತು, ಅವನಿಂದ ಕಲಿಯುವುದು ನಿಲ್ಲಲಿಲ್ಲ.

ಅವನಿಗೆ ನನ್ನ ಬುದ್ಧಿ ಗೊತ್ತಿದೆ ಎಂದು ತಿಳಿದದ್ದು ಚಿಂತಾಮಣಿಯ ಒಂದು ಮದುವೆ ಮನೆಯಲ್ಲಿ. ಊಟದ ಪಂಕ್ತಿಯಲ್ಲಿ ದೂರದ ದೊಡ್ಡಪ್ಪ ಒಬ್ಬರು ಅವನನ್ನು ನೋಡಿ, ಇವನಿಗೆ ಹೆಣ್ಣು ಯಾರು ಕೊಡುತ್ತಾರೆ, ನಿಮ್ಮಪ್ಪ ಇನ್ನೊಂದು ಗಂಡಿಗೆ ನೋಡಬೇಕಿತ್ತು ಎಂದೆಲ್ಲ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಉದ್ದಕ್ಕೆ ಹೇಳಿದರು. ನಾನು ತಮ್ಮನಿಗೆ, ಚೆನ್ನಾಗಿದೀಯಾ ಅಂತ ಕೇಳುತ್ತಿದ್ದಾರೆ ಎಂದೆ. ಅವನು ದೊಡ್ಡಪ್ಪನಿಗೆ ನಮಸ್ಕಾರ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗಿದೀಯಾ ಅನ್ನೋಕೆ ಬಾಯಿ ಅಷ್ಟು ಹೊತ್ತು ಆಡಿಸ್ಬೇಕಾ?" ಎಂದು ಕೇಳಿ, ಮೂರು ಬೆರಳಲ್ಲಿ ಚಿಟಿಕೆ ಹಿಡಿದು ನನ್ನ ಬಾಯಿಗೆ ಸಕ್ಕರೆ ಹಾಕಿದ ಹಾಗೆ ಮಾಡಿದ. ನಾನು ನಕ್ಕೆ. ಅವನೂ ನಕ್ಕ. ಅಂದಿನಿಂದ ಅದು ನಮ್ಮಿಬ್ಬರ ತಮಾಷೆಯಾಯಿತು. ಯಾರಾದರೂ ಏನಾದರೂ ಹೇಳಿದ ಮೇಲೆ, ಇವತ್ತು ಎಷ್ಟು ಚಮಚ ಎಂದು ಕೇಳುತ್ತಿದ್ದ. ನಾನು ಒಂದು ಎನ್ನುತ್ತಿದ್ದೆ. ಅವನು ನನ್ನ ಮುಖ ನೋಡಿ ಮೂರು ಬೆರಳು ತೋರಿಸುತ್ತಿದ್ದ.

ತಮಾಷೆಯಾಗದ ಒಂದು ಸಂದರ್ಭ ಇತ್ತು. ಅವನಿಗೆ ಇಪ್ಪತ್ತಾರಾದಾಗ ಗೌರಿಬಿದನೂರು ಕಡೆಯಿಂದ ಹೆಣ್ಣಿನವರು ಬಂದು ನೋಡಿಕೊಂಡು ಹೋದರು. ಹುಟ್ಟುವ ಮಕ್ಕಳೂ ಹೀಗೇ ಆದರೆ ಏನು ಮಾಡುವುದು, ನಮಗೆ ಬೇಡ ಎಂದು ಜಗಲಿಯಲ್ಲೇ ಹೇಳಿ ಎದ್ದರು. ಅವನು ಒಳಗಿದ್ದ. ಏನಂದರು ಎಂದು ಕೇಳಿದ. ತಿಳಿಸುತ್ತಾರಂತೆ ಎಂದೆ. ಅವನು ಕಾದ. ಮೂರು ತಿಂಗಳು ಪ್ರತಿ ಭಾನುವಾರ ಅವರು ಬಂದ ದಿನ ಹಾಕಿಕೊಂಡಿದ್ದ ನೀಲಿ ಚೆಕ್ಸ್ ಅಂಗಿ ಒಗೆದು, ಇಸ್ತ್ರಿ ಮಾಡಿ, ಮೊಳೆಗೆ ತಗಲಿಹಾಕುತ್ತಿದ್ದ. ಅವರು ಇನ್ನೊಂದು ಸಲ ಬಂದರೆ ಇರಲಿ ಎಂದು. ಒಂದು ಭಾನುವಾರ ಒಗೆಯಲಿಲ್ಲ.

ಅದಾದ ಮೇಲೆ ಅವನು ಹೊರಗೆ ಹೋಗುವ ಯೋಚನೆಗೆ ಬಿದ್ದ. ಕಿವುಡ ಗೆಳೆಯರೆಲ್ಲ ಫೋನಿನಲ್ಲಿ ವಿಡಿಯೋ ಹಾಕಿಕೊಳ್ಳುವ ಗುಂಪೊಂದಿತ್ತು. ಅವರಲ್ಲಿ ಒಬ್ಬ ಶಾರ್ಜಾಕ್ಕೆ ಹೋಗಿದ್ದ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಕಾರ್ಖಾನೆ, ಯಂತ್ರದ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ, ಅಲ್ಲಿ ಎಲ್ಲರೂ ನಮ್ಮ ಹಾಗೆಯೇ ಎಂದು ಅವನು ಹೇಳಿದ್ದನಂತೆ. ಚಿಂತಾಮಣಿಯ ಒಬ್ಬ ಏಜೆಂಟನ ಮೂಲಕ ಕಾಗದಪತ್ರ ಆಯಿತು. ಅಪ್ಪ ಮೊದಲು ಬೇಡವೆಂದ, ಆಮೇಲೆ ಸುಮ್ಮನಾದ.

ಹೊರಡುವ ದಿನ ನಾನು ಒಂದು ಕಾಗದದಲ್ಲಿ, ಇವರಿಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಸಹಾಯ ಮಾಡಿ ಎಂದು ಇಂಗ್ಲಿಷಿನಲ್ಲಿ ಬರೆದು ಅವನ ಜೇಬಿಗೆ ಹಾಕಿದೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವನು ಅದನ್ನು ತೆಗೆದು ನನ್ನ ಕೈಗೆ ವಾಪಸ್ಸಿಟ್ಟ. "ನನಗೆ ಓದೋಕೆ ಬರುತ್ತೆ, ಬೋರ್ಡ್ ಇರುತ್ತೆ. ನೀನು ಮನೆಗೆ ಹೋಗು." ಎರಡು ಗಂಟೆ ಬಿಟ್ಟು ಒಂದು ಫೋಟೋ ಬಂತು. ಕಿವಿ ಕೇಳಿಸುವುದಿಲ್ಲ ಎಂದು ಅವನು ಕೌಂಟರಿನಲ್ಲಿ ತೋರಿಸಿದ್ದಕ್ಕೆ ಅಲ್ಲಿಯವರು ಗಾಲಿಕುರ್ಚಿ ತಂದು ಕೂರಿಸಿದ್ದರು. ಬೇಡವೆಂದರೂ ಬಿಡಲಿಲ್ಲವಂತೆ. ಕಾಲು ಚಾಚಿಕೊಂಡು, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಜಮೀನ್ದಾರನ ಹಾಗೆ ಕೂತಿದ್ದ. ಕೆಳಗೆ, ಇವತ್ತು ಕಾಲಿಗೂ ರಜ ಎಂದು ಬರೆದಿದ್ದ. ಅಮ್ಮ ಆ ಫೋಟೋ ನೋಡಿ ಗಾಬರಿಯಾದಳು. ನಾನು ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ವಿಮಾನ ಹೋಗಿಯಾಗಿತ್ತು.

ಅಲ್ಲಿಯ ಮೊದಲ ಒಂದೂವರೆ ವರ್ಷ ಅವನ ಬದುಕಿನ ಒಳ್ಳೆಯ ಕಾಲ ಎಂದು ನಾನು ನಂಬಿದ್ದೇನೆ. ಅವನ ಕೋಣೆಯಲ್ಲಿ ಒಬ್ಬ ಫಿಲಿಪೀನ್ಸಿನವನು, ಒಬ್ಬ ನೇಪಾಳದವನು, ಒಬ್ಬ ಕೀನ್ಯಾದವನು. ನಾಲ್ವರೂ ಕಿವುಡರು, ನಾಲ್ವರ ಸನ್ನೆ ಭಾಷೆಯೂ ಬೇರೆ ಬೇರೆ. ಮೊದಲ ದಿನ ನೀರು, ಅನ್ನ, ಮಲಗು. ಎರಡನೇ ದಿನ ಊರು, ಅಪ್ಪ, ಅಮ್ಮ. ಒಂದು ವಾರಕ್ಕೆ ಜಗಳ ಆಡುವಷ್ಟು ಮಾತು ಬಂತಂತೆ. ಪಕ್ಕದ ಕೋಣೆಯಲ್ಲಿ ಕಿವಿ ಕೇಳಿಸುವ ನಾಲ್ವರು ಆರು ತಿಂಗಳಾದರೂ ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಬಿಟ್ಟು ಏನೂ ಹೇಳುತ್ತಿರಲಿಲ್ಲ ಎಂದು ಅವನಿಗೆ ದೊಡ್ಡ ನಗು. ಆ ಫಿಲಿಪೀನ್ಸಿನವನನ್ನು ಒಂದು ಸಲ ಫೋನಿನ ಮುಂದೆ ಎಳೆದು ತಂದ. ಆ ಮನುಷ್ಯ ನನಗೆ ಕೈ ಮುಗಿದು, ಹೆಬ್ಬೆರಳು ತೋರುಬೆರಳಲ್ಲಿ ನೂಲು ಹೊಸೆದು ತೋರಿಸಿದ. ಶಿಡ್ಲಘಟ್ಟ ಚೆನ್ನಾಗಿದೆಯಾ ಎಂದು ಕೇಳುತ್ತಿದ್ದ. ನಾನೂ ತಮ್ಮನೂ ಹುಳು ಮನೆಯ ಮೂಲೆಯಲ್ಲಿ ಕೂತು ಮಾಡಿಕೊಂಡ ಸನ್ನೆ ಅದು.

ಅವನ ಕರೆ ಬಂದಾಗ ಅಮ್ಮ ಅಭ್ಯಾಸಬಲದಿಂದ ಫೋನನ್ನು ಕಿವಿಗಿಟ್ಟುಕೊಂಡು ಹಲೋ ಎನ್ನುತ್ತಿದ್ದಳು. ಆ ಕಡೆ ಅವನು ಅಮ್ಮನ ಕಿವಿಯನ್ನೇ ನೋಡುತ್ತ, ಓಲೆ ಹೊಸದಾ ಎಂದು ಕೇಳಿದ್ದ.

ಅಪ್ಪನೂ ಬದಲಾದ. ಮೇಲೂರಿನ ಟೀ ಅಂಗಡಿಯಲ್ಲಿ ಅಪ್ಪನಿಗೆ ಇಪ್ಪತ್ತೈದು ವರ್ಷದಿಂದ ಇದ್ದ ಹೆಸರು ಮೂಗನ ಅಪ್ಪ. ತೆಲುಗಿನವರಿದ್ದರೆ ಮೂಗೋಡಿ ನಾಯನ. ಈಗ ಅವರೇ ದುಬೈ ಹುಡುಗನ ಅಪ್ಪ ಎಂದು ಕರೆದು ಬೆಂಚಿನಲ್ಲಿ ಜಾಗ ಬಿಡುತ್ತಿದ್ದರು. ಶಾರ್ಜಾ ಅವರಿಗೆ ದುಬೈಯೇ. ಅಪ್ಪ ದಿನಕ್ಕೆರಡು ಸಲ ಟೀ ಕುಡಿಯಲು ಹೋಗತೊಡಗಿದ.

ನಾನು ಆಗ, ಈಗಲೂ, ಶಿಡ್ಲಘಟ್ಟದಲ್ಲಿ ಗಂಡನ ಮನೆಯಲ್ಲಿದ್ದು ಒಂದು ಬ್ಲೌಸ್ ಹೊಲಿಯುವ ಅಂಗಡಿಗೆ ಹೋಗುತ್ತೇನೆ. ಶಾರ್ಜಾದಲ್ಲಿ ತಮ್ಮನ ಎರಡನೇ ಬೇಸಿಗೆಯಲ್ಲಿ, ಒಂದು ಶನಿವಾರ ಊಟದ ಬಿಡುವಿನಲ್ಲಿ ಅವನ ಕರೆ ಬಂತು. ಮುಖ ಇಳಿದುಹೋಗಿತ್ತು. ನಾನು ಏನಾಯಿತೆಂದು ಕೇಳುವ ಮೊದಲೇ ಶುರುಮಾಡಿದ.

"ಎರಡು ಸಲ ಬಿದ್ದೆ. ಇಸ್ತ್ರಿ ಯಂತ್ರದ ಹತ್ತಿರ. ಎಚ್ಚರ ಬಂದಾಗ ಮುಖಕ್ಕೆ ನೀರು ಹಾಕಿದ್ರು. ಎದೆ ಯಾರೋ ಹಿಡಿದ ಹಾಗೆ ಆಗುತ್ತೆ. ಮೇಲಿನವನಿಗೆ ತೋರಿಸಿದ್ರೆ ನೀರು ಕುಡಿ ಅಂತ ಕೈ ಮಾಡ್ತಾನೆ. ನಾನು ಊರಿಗೆ ಬರ್ಬೇಕು. ಅಪ್ಪನಿಗೆ ಹೇಳು, ಚಿಂತಾಮಣಿಗೆ ಹೋಗಿ ಏಜೆಂಟನ ಹತ್ತಿರ ಮಾತಾಡ್ಲಿ. ನನ್ನ ಕೈ ಅವನಿಗೆ ಅರ್ಥ ಆಗಲ್ಲ, ಬಾಯಿ ಇರೋರು ಬೇಕು."

ಆಮೇಲೆ ಚಿಟಿಕೆ ಹಿಡಿದು, ಬೇಡವೆಂದು ಕೈ ಆಡಿಸಿದ. "ಸಕ್ಕರೆ ಬೇಡ. ಹೀಗೇ ಹೇಳು."

ಹೀಗೇ ಹೇಳುತ್ತೇನೆ ಎಂದೆ.

ಮಾರನೇ ದಿನ ಬಸ್ಸಿನಲ್ಲಿ ಮೇಲೂರಿಗೆ ಹೋಗುವಾಗ ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ. ಮನೆಗೆ ಹೋದಾಗ ಅಪ್ಪ ಟೀ ಅಂಗಡಿಯಿಂದ ಆಗ ತಾನೇ ಬಂದಿದ್ದ. ಯಾರದೋ ಮಗನನ್ನೂ ಅಲ್ಲಿಗೆ ಕಳಿಸಬೇಕಂತೆ, ನಮ್ಮವನನ್ನು ವಿಚಾರಿಸಿ ಎಂದು ಕೇಳಿದರಂತೆ. ಅದನ್ನು ಅಮ್ಮನಿಗೆ ಹೇಳುತ್ತ ನಗುತ್ತಿದ್ದ. ಅಪ್ಪ ಹಾಗೆ ನಗುವುದನ್ನು ನಾನು ಹೆಚ್ಚು ಕಂಡವಳಲ್ಲ. ಅಮ್ಮ ತಟ್ಟೆಗೆ ಮುದ್ದೆ ಹಾಕಿದಳು. ಈಗ ಹೇಳಿದರೆ ಇಬ್ಬರೂ ಉಣ್ಣುವುದಿಲ್ಲ, ಉಂಡ ಮೇಲೆ ಹೇಳೋಣ ಎಂದುಕೊಂಡೆ. ಉಂಡ ಮೇಲೆ ಅಪ್ಪನೇ ಕೇಳಿದ, ಏನಂತಾನೆ ನಿನ್ ತಮ್ಮ ಎಂದು.

"ಅಲ್ಲಿ ಸೆಖೆ ಜಾಸ್ತಿಯಂತೆ ಕಣಪ್ಪ. ಸುಸ್ತಾಗುತ್ತಂತೆ. ಊರಿಗೆ ಬಂದುಬಿಡ್ಲಾ ಅಂತಿದ್ದ."

ನನ್ನ ಬಾಯಿಂದ ಬಂದದ್ದು ಇಷ್ಟು. ಬಿದ್ದದ್ದು ಇಲ್ಲ, ಎದೆ ಇಲ್ಲ, ಚಿಂತಾಮಣಿ ಇಲ್ಲ.

"ಸುಸ್ತು ಯಾರಿಗಿಲ್ಲಮ್ಮ" ಎಂದ ಅಪ್ಪ. "ಇಲ್ಲಿಗೆ ಬಂದು ಏನ್ ಮಾಡ್ತಾನೆ? ಮತ್ತೆ ಮೂಗ ಅನ್ನಿಸ್ಕೊಂಡು ಓಡಾಡ್ಬೇಕಾ? ಎಗ್ರಿಮೆಂಟ್ ಮುಗಿಯೋಕೆ ನಾಲ್ಕು ತಿಂಗಳೈತೆ, ಹಲ್ಲು ಕಚ್ಕೊಂಡು ಇರು ಅನ್ನು. ಆಮೇಲೂ ಅಲ್ಲೇ ಇರೋ ದಾರಿ ನೋಡ್ಕೊಳ್ಲಿ."

ನಾನು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಅಪ್ಪನಿಗೆ ಬೇರೆ ಪ್ರಶ್ನೆ ಗೊತ್ತಿರಲಿಲ್ಲ.

ಸಂಜೆ ಹುಳು ಮನೆಯ ಬಾಗಿಲಲ್ಲಿ, ಬೆಳಕಿಗೆ ಮುಖ ಕೊಟ್ಟು ನಿಂತು ತಮ್ಮನಿಗೆ ಕರೆ ಮಾಡಿದೆ. ಮೀಸೆ ತಿರುವಿದೆ. ಅಪ್ಪ ಬಾ ಅಂದ ಎಂದೆ. ನಾಲ್ಕು ತಿಂಗಳು ತಡ್ಕೋ, ಎಗ್ರಿಮೆಂಟ್ ಮುಗಿದ ತಕ್ಷಣ ಬಾ, ಅಷ್ಟರಲ್ಲಿ ಹುಳು ಮನೆಗೆ ಹೊಸ ಶೀಟು ಹಾಕಿಸಿರ್ತೀನಿ, ಇಬ್ಬರೂ ಸೇರಿ ಸಾಕೋಣ ಅಂದ ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

"ನಾನು ಬೀಳೋದು ಹೇಳಿದ್ಯಾ?"

"ಹೇಳಿದೆ."

ಅವನು ಚಿಟಿಕೆ ಹಿಡಿಯಲಿಲ್ಲ. ತಲೆಯಾಡಿಸಿ, ಸರಿ ಎಂದ. ಆ ಕಡೆಯಿಂದ ಯಾರೋ ಅವನ ಭುಜ ತಟ್ಟಿ ಕರೆದರು, ಹೋದ. ಇಪ್ಪತ್ತಾರು ವರ್ಷದಲ್ಲಿ ನಾನು ಹಾಕಿದ್ದೆಲ್ಲವನ್ನೂ ಸಕ್ಕರೆ ಎಂದು ಬೇಕಾದರೆ ಕರೆಯಬಹುದು. ಹೇಳಿದೆ ಎಂದ ಆ ಒಂದು ಮಾತು ಸಕ್ಕರೆಯಲ್ಲ, ಸುಳ್ಳು. ಆಮೇಲೆ ಕರೆ ಮಾಡಿದಾಗಲೆಲ್ಲ ಹೇಗಿದೀಯಾ ಎಂದು ಕೇಳುತ್ತಿದ್ದೆ. ತಡೀಬಹುದು ಎನ್ನುತ್ತಿದ್ದ.

ಏಳು ವಾರಗಳ ಮೇಲೆ ಅಂಗಡಿಯಲ್ಲಿ ಕೂತು ಒಂದು ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದಾಗ ಫೋನಿಗೆ ವಿಡಿಯೋ ಬಂತು. ಫಿಲಿಪೀನ್ಸಿನವನು. ನನ್ನ ತಮ್ಮ, ಕೆಲಸದ ಜಾಗ, ಬಿದ್ದ, ಆಸ್ಪತ್ರೆ. ಆಮೇಲೆ ಎರಡೂ ಅಂಗೈ ಮಗುಚಿ ಹಾಗೇ ಬಿಟ್ಟ. ಆ ಸನ್ನೆ ಯಾವ ದೇಶದಲ್ಲೂ ಒಂದೇ. ಅಂಗಡಿಯಲ್ಲಿ ರೇಡಿಯೋ ಹಾಡುತ್ತಿತ್ತು, ಪಕ್ಕದವಳು ಅಳತೆ ಕೇಳುತ್ತಿದ್ದಳು. ನನಗೆ ಸುದ್ದಿ ಬಂದಿದೆ ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ನಾನು ಆ ವಿಡಿಯೋವನ್ನು ಮೂರು ಸಲ ನೋಡಿದೆ. ಆಮೇಲೆ ಬ್ಲೌಸು ಕೆಳಗಿಟ್ಟೆ.

ಹನ್ನೊಂದು ದಿನಕ್ಕೆ ಪೆಟ್ಟಿಗೆ ಬಂತು. ದೇವನಹಳ್ಳಿಯಿಂದ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಆಂಬುಲೆನ್ಸಿನಲ್ಲಿ ತಂದೆವು. ಮೈ ನೋಡಲು ಬಿಡಲಿಲ್ಲ, ಮುಖ ಅಷ್ಟೇ. ಜೊತೆಗಿದ್ದ ಕಾಗದದಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಹೃದಯ ನಿಂತದ್ದು ಎಂದು ಬರೆದಿತ್ತು. ಅಷ್ಟನ್ನು ನಾನೇ ಓದಿ ಹೇಳಿದೆ. ತೋಟದ ಬದುವಿನಲ್ಲಿ ಮಣ್ಣು ಮಾಡಿದೆವು. ಎಲ್ಲರೂ ಕೈಕಾಲು ತೊಳೆಯಲು ಹೋದಾಗ ಅಪ್ಪ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ.

"ಮೈ ಸರಿಗಿಲ್ಲ ಅಂತ ನಿಂಗೇನಾದ್ರೂ ಹೇಳಿದ್ನೇನಮ್ಮ?"

"ಇಲ್ಲಪ್ಪ" ಎಂದೆ.

ಅಪ್ಪ ತಲೆಯಾಡಿಸಿದ. ಅಕ್ಕನಿಗೂ ಹೇಳದೆ ಒಳಗೇ ನುಂಗಿಕೊಂಡ ಎಂದು ಬಂದವರಿಗೆಲ್ಲ ಹೇಳಿದ. ಅಪ್ಪನಿಗೆ ಅದರಲ್ಲೊಂದು ಸಮಾಧಾನ ಇತ್ತು. ಅದನ್ನು ಕೊಟ್ಟವಳೂ ನಾನೇ.

ಕಾರ್ಯ ಮುಗಿದು ನೆಂಟರು ಹೋದ ಎರಡು ದಿನಕ್ಕೆ ಫಿಲಿಪೀನ್ಸಿನವನ ಸಂದೇಶ ಬಂತು. ಅಪ್ಪ ಅಮ್ಮನನ್ನು ನೋಡಬೇಕು, ಮಾತಾಡಬೇಕು ಎಂದು. ನೆಟ್‌ವರ್ಕ್ ಇಲ್ಲ ಎಂದು ಎರಡು ದಿನ ತಳ್ಳಿದೆ. ಮೂರನೇ ದಿನ ಅಮ್ಮನೇ, ಅವನ ಜೊತೆಗಿದ್ದವನಂತಲ್ಲ, ಮುಖವಾದ್ರೂ ನೋಡಣ ಎಂದಳು. ಬೆಳಿಗ್ಗೆ ಹತ್ತರ ಬೆಳಕಿನಲ್ಲಿ ಜಗಲಿಯ ಮೇಲೆ ರಾಗಿ ಡಬ್ಬಕ್ಕೆ ಫೋನನ್ನು ಒರಗಿಸಿದೆ. ಅಪ್ಪ, ಅಮ್ಮ ಚಾಪೆಯ ಮೇಲೆ ಕೂತರು. ನಾನು ಇಬ್ಬರಿಗೂ ಕಾಣುವಂತೆ ಪಕ್ಕಕ್ಕೆ ಕೂತೆ.

ಆ ಮನುಷ್ಯ ಮೂವರಿಗೂ ಕೈ ಮುಗಿದ. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಮೂರು ಬೆರಳಲ್ಲಿ ಚಿಟಿಕೆ ಹಿಡಿದು ಬಾಯಿಯ ಹತ್ತಿರ ತಂದ. ಅಕ್ಕಾ ಎಂದು ಕರೆಯುವ ಹಾಗೆ. ನಮ್ಮ ಮನೆಯ ಸನ್ನೆಯಂತೆ ಜಡೆ ಎಳೆಯುತ್ತಾನೆ ಎಂದುಕೊಂಡಿದ್ದೆ. ಆ ಕೋಣೆಯಲ್ಲಿ, ನೇಪಾಳದವನಿಗೂ ಕೀನ್ಯಾದವನಿಗೂ, ನನ್ನ ಹೆಸರು ಅದಾಗಿತ್ತು.

ಮೊದಲು ಅವನು, ತಮ್ಮನಿಂದ ಕಲಿತ ಸನ್ನೆಗಳಲ್ಲೇ, ತಮ್ಮನ ಬಗ್ಗೆ ಹೇಳಿದ. ಎಲ್ಲರಿಗೂ ತಾನೇ ಅನ್ನ ಮಾಡುತ್ತಿದ್ದನಂತೆ, ಉಪ್ಪು ಜಾಸ್ತಿಯಂತೆ. ಅಮ್ಮನಿಗೆ ಅದನ್ನು ಹೇಳಿದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅತ್ತಳು. ಆಮೇಲೆ ಅವನು ಮೀಸೆ ತಿರುವಿದ. ಅವನಿಗೆ ಮೀಸೆ ಇರಲಿಲ್ಲ. ತಿರುವಿ, ನೇರವಾಗಿ ಅಪ್ಪನನ್ನೇ ನೋಡುತ್ತ ಹೇಳತೊಡಗಿದ.

"ಅವನು ಮೂರನೇ ಸಲ ಬಿದ್ದಾಗ ನಾನು ಹೇಳ್ದೆ, ಈಗಲೇ ಹೊರಡು, ಕೆಲಸ ಬಿಡು. ಅವನು ಕೇಳ್ಲಿಲ್ಲ. ಅಪ್ಪನಿಗೆ ಎಲ್ಲ ಗೊತ್ತಿದೆ ಅಂದ. ಗೊತ್ತಿದ್ದೂ ನಾಲ್ಕು ತಿಂಗಳು ತಡ್ಕೋ ಅಂದಿದಾರೆ, ಅಂದ್ಮೇಲೆ ತಡಿಯೋಕೆ ಆಗುತ್ತೆ ಅಂತ ತಾನೇ ಅಂದ." ಮತ್ತೊಮ್ಮೆ ಮೀಸೆ ತಿರುವಿದ. "ನೀವು ದೊಡ್ಡವರು. ಗೊತ್ತಿದ್ದೂ ಯಾಕೆ ತಡಿ ಅಂದ್ರಿ?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವನಿಗೆ.

"ಏನಂತಾನೆ?" ಎಂದ ಅಪ್ಪ. "ಮೀಸೆ ತಿರುವಿದ್ನಲ್ಲ, ನನ್ ವಿಚಾರ ತಾನೇ?"

ಒಂದು ವಾಕ್ಯ ನನ್ನ ಬಾಯಲ್ಲಿ ಆಗಲೇ ಸಿದ್ಧವಾಗಿತ್ತು. ನಿಮ್ಮ ಮಗ ನಿಮ್ಮನ್ನು ತುಂಬ ನೆನೆಸುತ್ತಿದ್ದ ಅಂತಾನೆ ಎಂದು. ಅದಕ್ಕಾಗಿ ನಾನು ಹುಡುಕಬೇಕಾಗಿರಲಿಲ್ಲ, ಅದು ತಾನಾಗಿಯೇ ಬಂದು ನಿಂತಿತ್ತು. ಫಿಲಿಪೀನ್ಸಿನವನಿಗೂ ಒಂದು ಉತ್ತರ ಸಿದ್ಧವಿತ್ತು. ಇಬ್ಬರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮನುಷ್ಯ ನನ್ನನ್ನು ಯಾವ ಹೆಸರಿನಿಂದ ಕರೆದಿದ್ದನೋ ಅದು ಕಣ್ಣ ಮುಂದೆಯೇ ಇತ್ತು.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಕೊನೆಯ ಪ್ರಶ್ನೆಯನ್ನೂ ಹೇಳಿದೆ.

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. "ಬೀಳ್ತಿದ್ನಾ?" ಎಂದ. ಅಮ್ಮನ ಕಡೆ ನೋಡಿದ. ಮತ್ತೆ ನನ್ನ ಕಡೆ ತಿರುಗಿದ. "ನಿಂಗೆ ಹೇಳಿದ್ನಾ?"

"ಹೇಳಿದ್ದ ಕಣಪ್ಪ. ಎರಡು ಸಲ ಬಿದ್ದೆ, ಎದೆ ಹಿಡಿಯುತ್ತೆ, ಅಪ್ಪ ಚಿಂತಾಮಣಿಗೆ ಹೋಗಿ ಏಜೆಂಟನ ಹತ್ರ ಮಾತಾಡ್ಲಿ, ನನ್ನ ಕರೆಸ್ಕೊಳ್ಳಿ ಅಂದಿದ್ದ. ನಾನು ನಿಂಗೆ ಸೆಖೆ ಅಂದೆ."

"ನಾನ್ ಅಂದಿದ್ದು ಅವ್ನಿಗೆ ಹೇಳಿದ್ಯಾ? ಅಲ್ಲೇ ಇರ್ಲಿ ಅಂದಿದ್ದು?"

"ಅದೂ ಇಲ್ಲ. ನೀನು ಬಾ ಅಂದೆ ಅಂತ ಹೇಳ್ದೆ. ಹುಳು ಮನೆಗೆ ಶೀಟು ಹಾಕಿಸ್ತಾನೆ ಅಪ್ಪ ಅಂತ ಹೇಳ್ದೆ."

ಅಪ್ಪ ಹುಳು ಮನೆಯ ಕಡೆ ನೋಡಿದ. ಹಳೆಯ ತಗಡು, ಎರಡು ಕಡೆ ಕಲ್ಲು ಹೇರಿದ್ದೆವು. ಫೋನಿನಲ್ಲಿ ಆ ಮನುಷ್ಯ ನಮ್ಮ ಬಾಯಿಗಳನ್ನೇ ನೋಡುತ್ತ ಕಾಯುತ್ತಿದ್ದ. ನಾನು ಅವನ ಕಡೆ ತಿರುಗಿ ಕೈಯೆತ್ತಿದೆ. ಅಪ್ಪನಿಗೆ ಗೊತ್ತಿರಲಿಲ್ಲ. ತಮ್ಮ ನನಗೆ ಹೇಳಿದ್ದ, ನಾನು ಅಪ್ಪನಿಗೆ ಹೇಳಲಿಲ್ಲ. ತಮ್ಮನಿಗೆ ಹೇಳಿದೆ ಎಂದು ಸುಳ್ಳು ಹೇಳಿದೆ. ಅವನು ಕೇಳಿ, ಅಂದರೆ ನೋಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡ. ಕಡೆಗೆ ಅವನು ಅಪ್ಪನಿಗೆ ಮಾತ್ರ ಕೈ ಮುಗಿದು ಕರೆ ಮುಗಿಸಿದ.

ಅಪ್ಪ ಬೈಯಲಿಲ್ಲ, ಕೈ ಮಾಡಲಿಲ್ಲ. ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡ. "ಇನ್ಮೇಲೆ ನನ್ ಪರವಾಗಿ ನೀನ್ ಯಾರ್ ಹತ್ರಾನೂ ಮಾತಾಡ್ಬೇಡಮ್ಮ" ಎಂದು ತೋಟಕ್ಕೆ ಇಳಿದ.

ಅಪ್ಪ ಈಗ ಟೀ ಅಂಗಡಿಗೆ ಹೋಗುವುದಿಲ್ಲ. ನನ್ನ ಹತ್ತಿರವೂ ಮಾತಾಡುವುದಿಲ್ಲ. ನಾನು ಭಾನುವಾರ ಹೋದರೆ ಜಗಲಿಯ ಆ ತುದಿಗೆ ಕೂರುತ್ತಾನೆ. ಕಳೆದ ತಿಂಗಳು ಹುಳು ಮನೆಗೆ ಹೊಸ ಶೀಟು ಹಾಕಿಸಿದ. ಒಳಗೆ ಹುಳು ಇಲ್ಲ, ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದಾನೆ.

ನಮ್ಮಿಬ್ಬರ ನಡುವೆ ಈಗ ಅಮ್ಮ ಓಡಾಡುತ್ತಾಳೆ. ಹೋದ ಭಾನುವಾರ ನಾನು ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಆ ತುದಿಯಿಂದ ಅಮ್ಮನಿಗೆ ಏನೋ ಹೇಳಿದ. ನನಗೆ ಸರಿಯಾಗಿ ಕೇಳಿಸಲಿಲ್ಲ. ಉದ್ದದ ಮಾತು, ಮುಖ ಗಂಟಿಕ್ಕಿತ್ತು. ಅಮ್ಮ ನನ್ನ ಹತ್ತಿರ ಬಂದು, "ಹುಷಾರಾಗಿ ಹೋಗ್ಬೇಕಂತೆ ಕಣಮ್ಮ, ನಿಮ್ಮಪ್ಪ ಹೇಳ್ತಾರೆ" ಎಂದಳು.

ನಾನು ಅಪ್ಪನ ಮುಖ ನೋಡಿದೆ, ಅಮ್ಮನ ಮುಖ ನೋಡಿದೆ. ಸರಿಯಮ್ಮ ಎಂದು ಹೇಳಿ ಬಸ್ಸಿಗೆ ನಡೆದೆ.